ಇಲಿ ಕಡಿದ ಬೆಳಕು

"ಹಿಂದ ಏನೈತಿ ಅಂತ ಯಾರನ್ನ ಕೇಳಿದ್ರೂ ಮಂಜು ಅಂತಾರ. ಈ ಉರಿ ಬ್ಯಾಸಿಗ್ಯಾಗ ಎಲ್ಲಿ ಮಂಜ್ರಿ ಬಾಯಾರ?"

ಫೌಜದಾರ ಸಿದರಾಯ ಫೋಟೋವನ್ನು ಜೀಪಿನ ಬಾನೆಟ್ಟಿನ ಮೇಲೆ ಬಡಿದ ರಭಸಕ್ಕೆ ಬಸದಿಯ ಗೋಡೆಯ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು.

ರಾಜಮತಿ ಬೆಚ್ಚಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಫೋಟೋ ಕೈಗೆತ್ತಿಕೊಂಡಳು. ಬಿಸಿಲಿಗೆ ಒಡ್ಡಿ ನೋಡಿದಳು.

"ಮಂಜಲ್ಲರಿ ಫೌಜದಾರ್ರ. ಹಿಂದಿಂದು ಕಾಣಬಾರದು ಅಂತನ ಹಿಂಗ ತಗದಾರ."

ಸಿದರಾಯನ ಸಿಟ್ಟು ಅಲ್ಲೇ ನಿಂತಿತು. ಹೊಸಮಡ್ಡಿ ಬಸದಿಯ ಪದ್ಮಾವತಿ ವಿಗ್ರಹ ಕಳವಾದಾಗಿನಿಂದ ಕುರಿಗಾರ ಮಾಳಸಿದ್ದ ಲಾಕಪ್ಪಿನಲ್ಲಿದ್ದ. ಅವನ ಮೇಲಿದ್ದ ಸಾಕ್ಷಿ ಕಳುವಿನ ದಿನದ್ದೆಂದು ಹೇಳಲಾದ ಈ ಫೋಟೋ ಒಂದೇ. ನಾಳೆ ಅವನನ್ನು ಕೋರ್ಟಿಗೆ ಒಪ್ಪಿಸಬೇಕು.

ಆ ಕಪ್ಪು ಬಿಳುಪಿನ ಫೋಟೋದಲ್ಲಿ ಮಾಳಸಿದ್ದ ಬಸದಿಯ ಹಿಂಬಾಗಿಲಿನಲ್ಲಿ ನಿಂತಿದ್ದ. ಹೆಗಲ ಕಂಬಳಿಯೊಳಗೆ ಏನನ್ನೋ ಸುತ್ತಿ ಎದೆಗವಚಿಕೊಂಡಿದ್ದ. ಅವನ ಮೀಸೆಯ ಕೂದಲು, ಕಂಬಳಿಯ ಎಳೆ, ಬಾಗಿಲ ಚಿಲಕದ ತುಕ್ಕು, ಎಲ್ಲವೂ ಮುಟ್ಟಿದರೆ ಕೈಗೆ ಹತ್ತುವಷ್ಟು ಸ್ಪಷ್ಟ. ಅವನ ಹಿಂದೆ ಮಾತ್ರ ಜಗತ್ತೇ ಇರಲಿಲ್ಲ. ಬೂದಿ ಬಣ್ಣದ ಮಸುಕು, ಅಲ್ಲೊಂದು ಇಲ್ಲೊಂದು ಕಲೆ, ಅಷ್ಟೇ.

"ತಗದಾಂವ ಕಚ್ಚಾ ಇರಬೇಕು," ಎಂದ ಸಿದರಾಯ.

"ಕಚ್ಚಾ? ನಾಲ್ಕು ಊರು ತಿರುಗಿದ್ರೂ ಇಂಥಾ ಕೈ ಸಿಗೂದಿಲ್ರಿ. ಕೆಟ್ಟ ಕೆಲಸಕ್ಕ ಬಳಸ್ಯಾನ, ಅದಕ್ಕ ಹೊಟ್ಟಿ ಉರೀತೈತಿ."

ಚಿಕ್ಕೋಡಿಯಲ್ಲಿ ರಾಜಮತಿಯ ಫೋಟೋ ಸ್ಟುಡಿಯೋ ಗೊತ್ತಿಲ್ಲದವರಿಲ್ಲ. ಅದಕ್ಕೇ ಸಿದರಾಯ ಅವಳನ್ನು ಇಲ್ಲಿಗೆ ಕರೆತಂದಿದ್ದ. ಗಂಡ ಬದುಕಿದ್ದಾಗ ಅವನ ಜೊತೆ, ಅವನು ಹೋದ ಮೇಲೆ ಒಬ್ಬಳೇ, ನಿಪ್ಪಾಣಿಯಿಂದ ಅಥಣಿಯವರೆಗೆ ಮದುವೆಗಳಿಗೆ ಹೋಗಿ ಬರುತ್ತಿದ್ದಳು. ನಗಿರಿ ಅಂತ ಯಾರಿಗೂ ಹೇಳುತ್ತಿರಲಿಲ್ಲ. ಹಂಗ್ಯಾಕ ಹೆದರ್ತೀರಿ, ನಾನೇನು ಹಲ್ಲು ಕೀಳಾಕ ಬಂದೀನೇನು ಅನ್ನುತ್ತಿದ್ದಳು. ಜನ ನಕ್ಕುಬಿಡುತ್ತಿದ್ದರು.

"ಸತ್ಯಪ್ಪ, ನನ್ನ ಪೆಟಗಿ ತಾರಪಾ."

ಹವಾಲ್ದಾರ ಸತ್ಯಪ್ಪ ಜೀಪಿನಿಂದ ಪೆಟ್ಟಿಗೆ ಇಳಿಸಿ, ಅದರೊಳಗಿನ ಕ್ಯಾಮೆರಾ ತಂದ. ಮುಂದೆ ಚಾಚಿಕೊಂಡಿದ್ದ ಉದ್ದನೆಯ ಲೆನ್ಸಿನ ಕೆಳಗೆ ಎಡಗೈ ಕೊಟ್ಟು, ಎಳೆಗೂಸಿನ ಕುತ್ತಿಗೆ ಹಿಡಿದಂತೆ ಜೋಪಾನವಾಗಿ ಹಿಡಿದು ತಂದ. ನಾನಾಗಿದ್ದರೆ ಪಟ್ಟಿ ಹಿಡಿದು ಕಂದೀಲಿನಂತೆ ತೂಗಾಡಿಸಿಕೊಂಡು ತರುತ್ತಿದ್ದೆ ಅಂದುಕೊಂಡ ಸಿದರಾಯ. ಒಳ್ಳೆಯ ಹವಾಲ್ದಾರ. ಹೇಳುವ ಮೊದಲೇ ಕೆಲಸ ಮಾಡುವವನು.

ರಾಜಮತಿ ಬಸದಿಯ ಅಂಗಳದ ಕಂಬದ ಪಕ್ಕ ಮೂರು ಕಾಲಿನ ಸ್ಟ್ಯಾಂಡು ಊರಿದಳು. ಫೋಟೋ ತೆಗೆದವನು ನಿಂತಿದ್ದು ಅಲ್ಲೇ ಎಂದು ಫೋಟೋದೊಳಗಿನ ಚಿಲಕದ ಓರೆ ನೋಡಿಯೇ ಹೇಳಿಬಿಟ್ಟಳು. ಹಿಂಬಾಗಿಲಿನಲ್ಲಿ ನಿಲ್ಲಲು ಮಾಳಸಿದ್ದನ ತಾಯಿ ಕೆಂಪವ್ವನನ್ನು ಕರೆದಳು.

ಕೆಂಪವ್ವ ಆಚೆಯ ಹೊಲದಿಂದ ಬಂದಳು. ಮಗ ಲಾಕಪ್ಪಿಗೆ ಹೋದ ಮೇಲೆ ಕುರಿಗಳ ಜೊತೆ ಅವಳೊಬ್ಬಳೇ. ಕಂಕುಳಲ್ಲಿ ಒಂದು ಕರಿ ಮರಿ ಇತ್ತು.

"ಪಟಾ ತಗಸ್ಕೊಳ್ಳಾಕ ಮದಲಗಿತ್ತಿ ಏನ್ ನಾನು?" ಎಂದಳು. ಸಿದರಾಯನ ಕಡೆ ತಿರುಗಿ, "ಸಾಹೇಬಾ, ನನ್ನ ಮಗನ್ನ ಒಳಗ ಹಾಕಿ ಇಲ್ಲಿ ಪಟಾ ಆಡಾಕತ್ತೀಯಲ್ಲ, ನಿನಗ ತಾಯಿ ಇಲ್ಲೇನು?"

"ಬಾಯಿ ಮುಚ್ಚಬೇ!"

"ಮುಚ್ಚೂದಿಲ್ಲ. ಏನ್ ಮಾಡ್ತಿ?"

ಸಿದರಾಯ ಅವಳಿಂದ ಮುಖ ತಿರುಗಿಸಿದ. ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟ.

ಕೆಂಪವ್ವನ ಮುಖದ ಸುಕ್ಕು ಒಂದೊಂದೂ ಕಂಡಿತು. ಅವಳ ಹಿಂದಿನ ಹೊಲ, ಬೇವಿನ ಮರ, ಬಾವಿ, ಕಬ್ಬಿಗೆ ಹರಿಯುತ್ತಿದ್ದ ನೀರು, ಎಲ್ಲ ಕರಗಿ ಹೋಗಿತ್ತು. ಕಣ್ಣು ತೆಗೆದು ನೋಡಿದ. ಬೇವಿನ ಮರ ಇದ್ದಲ್ಲೇ ಇತ್ತು. ಮತ್ತೆ ಕಣ್ಣಿಟ್ಟ. ಇರಲಿಲ್ಲ.

"ಯಲ್ಲಾ ಹೋತಲ್ರಿ!"

"ಹೋಗಿಲ್ರಿ. ಈಗ ನೋಡ್ರಿ." ರಾಜಮತಿ ಲೆನ್ಸಿನ ಬಳೆಯೊಂದನ್ನು ಟಕಟಕ ತಿರುಗಿಸಿ, ಪಕ್ಕದ ಸಣ್ಣ ಗುಂಡಿ ಒತ್ತಿದಳು.

ಕಿಂಡಿಯೊಳಗೆ ಸಂಜೆಯಾದಂತೆ ಬೆಳಕು ಇಳಿಯಿತು. ಆ ಅರೆಗತ್ತಲಲ್ಲಿ ಒಂದೊಂದಾಗಿ ಎಲ್ಲ ಎದ್ದು ಬಂದವು. ಬೇವಿನ ಕೊಂಬೆ ಬಂತು. ಬಾವಿಯ ಗಡಗಡಿ ಬಂತು. ಕುರಿಗಳ ಕಾಲುಗಳ ಸಂದಿನಲ್ಲಿ ಬಿಸಿಲಿನ ಪಟ್ಟೆ ಬಂತು. ಅವಳು ಗುಂಡಿ ಬಿಟ್ಟಳು, ಎಲ್ಲ ಅಳಿಸಿಹೋಯಿತು. ಒತ್ತಿದಳು, ಹುಟ್ಟಿತು.

ಸಿದರಾಯ ಕಳ್ಳತನ ಮರೆತ. ಕೋರ್ಟು ಮರೆತ. ಜಾತ್ರೆಯ ಬಯಸ್ಕೋಪ್ ಪೆಟ್ಟಿಗೆಗೆ ಕಣ್ಣಿಟ್ಟ ಹುಡುಗನಂತೆ, "ಇನ್ನೊಮ್ಮೆ ಒತ್ರಿ," ಎಂದ.

"ಲೆನ್ಸಿನ ಹೊಟ್ಟ್ಯಾಗ ಇನ್ನೊಂದು ಕಿಂಡಿ ಐತಿ, ಅಪರ್ಚರ್ ಅಂತಾರ. ಅದನ್ನ ಹಿಗ್ಗಿಸಬಹುದು, ಕುಗ್ಗಿಸಬಹುದು. ಪೂರ್ತಿ ಹಿಗ್ಗಿಸಿದ್ರ ಎದುರಿಗೆ ನಿಂತಾಂವ ಒಬ್ಬನ ಉಳೀತಾನ. ಮುಂದಿಂದು, ಹಿಂದಿಂದು ಎಲ್ಲಾ ಕರಗತೈತಿ. ಕುಗ್ಗಿಸಿದ್ರ ಬಾಗಿಲದಿಂದ ಹೊಲದ ಬಾಂದಿನ ತನಕಾ ಎಲ್ಲಾ ಚೊಕ್ಕ."

"ಸಣ್ಣ ಕಿಂಡ್ಯಾಗ ಹೆಚ್ಚಿಗಿ ಕಾಣತೈತಿ ಅಂದ್ರ ಹೆಂಗ್ರಿ?"

"ಕೆಂಪವ್ವನ್ನ ನೋಡ್ರಿ." ಕೆಂಪವ್ವ ಆ ಹೊತ್ತಿಗೆ ದೂರದ ಕುರಿಗಳ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. "ಯಾಕ ಕಣ್ಣು ಸಣ್ಣ ಮಾಡ್ಯಾಳ? ಚೊಕ್ಕ ಕಾಣಲಿ ಅಂತ. ಲೆನ್ಸಿಂದೂ ಅದ."

ಸಿದರಾಯ ಬಳೆಯ ಮೇಲಿನ ಅಂಕಿ ನೋಡಿದ. ಕಿಂಡಿ ಸಣ್ಣದಾದಾಗ ಹದಿನಾರು, ದೊಡ್ಡದಾದಾಗ ಎರಡು ಚಿಲ್ಲರೆ.

"ಅಂಕಿ ದೊಡ್ಡದಾದ್ರ ಕಿಂಡಿ ಸಣ್ಣದು? ಯಾವ ಹುಚ್ಚಪ್ಯಾಲಿ ಹಾಕಿದ ಲೆಕ್ಕ ಇದು?"

ರಾಜಮತಿ ಮೊದಲ ಸಲ ನಕ್ಕಳು. ನಕ್ಕದ್ದು ಅರೆಗಳಿಗೆ. ಕೂಡಲೇ ಫೋಟೋ ಎತ್ತಿ ಹಿಡಿದಳು.

"ಈಗ ಕೆಲಸದ ಮಾತು. ಇಂಥಾ ಬಿಸಲಾಗ ಯಾವ ಫೋಟೋದವನಾದ್ರೂ ಕಿಂಡಿ ಕುಗ್ಗಿಸ್ತಾನ. ಹಿಗ್ಗಿಸಿದ್ರ ಬೆಳಕು ನುಗ್ಗಿ ಫೋಟೋ ಬೆಳ್ಳಗ ಸುಟ್ಟು ಹೋಗತೈತಿ. ಈ ಪುಣ್ಯಾತ್ಮ ಹಿಗ್ಗಿಸ್ಯಾನ. ಸುಡಬಾರದು ಅಂತ ಲೆನ್ಸಿನ ಮುಂದ ಕೆಂಪು ಗಾಜು ಹಾಕ್ಯಾನ. ಮ್ಯಾಲಿನ ಆಕಾಶ ನೋಡ್ರಿ, ಮೋಡ ಇಲ್ಲದ ದಿನಾನೂ ಕರ್ರಗ ಬಂದೈತಿ. ಅದು ಕೆಂಪು ಗಾಜಿನ ಗುರುತು. ಇಷ್ಟೆಲ್ಲಾ ತ್ರಾಸು ತಗೊಂಡು ಆಂವ ಏನು ಮುಚ್ಚಿದಾ?"

"ಏನು ಮುಚ್ಚಿದಾ?"

"ಅದನ್ನ ನೀವು ಹೇಳಬೇಕು. ನೀವು ಪೊಲೀಸರು."

ಸತ್ಯಪ್ಪ ಕೆಮ್ಮಿದ. "ಸಾಹೇಬ್ರ, ಇದೆಲ್ಲಾ ಕೋರ್ಟಿನ್ಯಾಗ ನಡಿಯೂದಿಲ್ರಿ. ಆರೋಪಿ ಫೋಟೋದಾಗ ಅದಾನ. ಕೈಯಾಗ ಗಂಟು ಐತಿ. ಮುಗೀತಲ್ರಿ."

"ಸುಮ್ನಿರೋ."

ಸಿದರಾಯ ಫೋಟೋವನ್ನು ಕ್ಯಾಮೆರಾದ ಪಕ್ಕ ಹಿಡಿದು, ಒಮ್ಮೆ ಕಿಂಡಿ, ಒಮ್ಮೆ ಫೋಟೋ ನೋಡತೊಡಗಿದ. ಎಡಗಡೆಯ ದೊಡ್ಡ ಬೂದು ಮುದ್ದೆ ಬೇವಿನ ಮರ. ಸರಿ. ಬಲಗಡೆಯ ಬಿಳಿ ಚುಕ್ಕೆಗಳ ಸಾಲು ಕಬ್ಬಿನ ನೀರಿನ ಹೊಳಪು. ಅದೂ ಸರಿ. ಆದರೆ ಫೋಟೋದಲ್ಲಿ ಬೇವಿನ ಬುಡದಲ್ಲಿ ಮಸಿ ಚೆಲ್ಲಿದಂಥ ಒಂದು ಕರಿ ಕಲೆ ಇತ್ತು. ಕಿಂಡಿಯೊಳಗೆ ಅದು ಬೇವಿನ ಬುಡದಲ್ಲಿ ಇರಲಿಲ್ಲ. ಬಾವಿಯ ಹತ್ತಿರ ಇತ್ತು.

ಕಣ್ಣು ತೆಗೆದು ಬಾವಿಯ ಕಡೆ ನೋಡಿದ. ಬಾವಿಯ ಹತ್ತಿರ ಬಲೆ ಕಟ್ಟಿದ ಹಟ್ಟಿಯೊಳಗೆ ಕರಿ ಕುರಿಗಳು ಒತ್ತೊತ್ತಾಗಿ ನಿಂತಿದ್ದವು.

"ಕೆಂಪವ್ವಾ, ಹಟ್ಟಿ ಬೇವಿನ ಬುಡಕ ಯಾವಾಗಿತ್ತು?"

"ಮೊದಲು. ಅಲ್ಲಿಂದನ ಸುರು ಮಾಡಿದ್ವಿ."

"ಆಮ್ಯಾಲೆ?"

"ದಿನಾ ಒಂದು ಪಟ್ಟಿ ಸರಸ್ಕೋತ ಬಾವಿ ಕಡೆ ಬಂದ್ವಿ. ಕುರಿ ಕೂಡಸೂದು ಗೊಬ್ಬರಕ್ಕ ಸಾಹೇಬಾ. ಹೊಲದವರು ಜ್ವಾಳ ಕೊಡೂದು ಅದಕ್ಕ. ಒಮ್ಮಿ ಹಾಕಿದ ಜಾಗಾಕ ತಿರುಗಿ ಹಟ್ಟಿ ಹಾಕಿದ್ರ ಹೊಲದವರು ಉಗೀತಾರ. ನೀ ಒಕ್ಕಲಿಗರ ಮನಿ ಮಗಾ ಅಲ್ಲೇನು? ಇಷ್ಟೂ ತಿಳೀದಾ?"

ಸಿದರಾಯನಿಗೆ ತನ್ನ ಬೂಟು ನೆನಪಾಯಿತು. ವಿಗ್ರಹ ಕಳವಾದ ದಿನ ಬೆಳಿಗ್ಗೆ ಸುದ್ದಿ ಸಿಕ್ಕು ಧಾವಿಸಿ ಬಂದವನು ಇದೇ ಬಾವಿಯ ಹತ್ತಿರ ಹಟ್ಟಿಯೊಳಗೆ ಕಾಲಿಟ್ಟು ಬೂಟು ಹೊಲಸು ಮಾಡಿಕೊಂಡು ಊರಿಗೆಲ್ಲ ಬೈದಿದ್ದ. ಅಂದರೆ ಅವತ್ತು ಹಟ್ಟಿ ಬಾವಿಯ ಹತ್ತಿರ ಬಂದಾಗಿತ್ತು. ಮಗ ಒಳಗೆ ಹೋದ ಮೇಲೆ ಕೆಂಪವ್ವ ಒಬ್ಬಳೇ ಬಲೆ ಕಿತ್ತು ಸರಿಸಲಾಗದೆ ಅದು ಅಲ್ಲೇ ನಿಂತಿತ್ತು.

"ಹಂಗಾರ ಈ ಫೋಟೋ ಕಳುವಿನ ದಿನದ್ದಲ್ಲ! ಅದಕ್ಕಿಂತ ಮೊದಲಿಂದು!"

"ಆ ಕರಿ ಕಲೆ ಕುರಿನ ಅಂತ ಹೆಂಗ ಹೇಳ್ತೀರಿ?" ಎಂದ ಸತ್ಯಪ್ಪ. "ನೆರಳೂ ಇರಬಹುದಲ್ರಿ."

ರಾಜಮತಿ ಕೆಂಪವ್ವನಿಗೆ ಕುರಿಗಳನ್ನು ಬೇವಿನ ಬುಡಕ್ಕೆ ಹೊಡೆಯಲು ಹೇಳಿದಳು. ಕೆಂಪವ್ವ ಗೊಣಗುತ್ತ ಹೋದಳು. ಕುರಿಗಳು ದೂಳೆಬ್ಬಿಸಿಕೊಂಡು ಬೇವಿನ ಬುಡಕ್ಕೆ ಸೇರಿದವು. ಸಿದರಾಯ ಕಿಂಡಿಗೆ ಕಣ್ಣಿಟ್ಟ. ಅದೇ ಜಾಗ, ಅದೇ ಮಸಿ ಚೆಲ್ಲಿದ ಕಲೆ. ಹೊಲದ ಬಿಳಿ ಕೂಳೆಯ ಮೇಲೆ ಆ ಕರಿ ಬಣ್ಣ ಎಷ್ಟು ಮಸುಕಾದರೂ ಅಳಿಸಿರಲಿಲ್ಲ. ಮುಚ್ಚಿದವನು ಕುರಿಯ ಕಿವಿ, ಕಾಲು, ಕೊಂಬು ಎಲ್ಲ ಮುಚ್ಚಿದ್ದ. ಬಣ್ಣ ಮುಚ್ಚಲು ಅವನಿಂದ ಆಗಿರಲಿಲ್ಲ.

"ಶಾಬಾಸ್ ಬಾಯಾರ!" ಸಿದರಾಯ ಬಸದಿಯ ಅಂಗಳ ಎಂಬುದನ್ನೂ ಮರೆತು ಕೂಗಿದ. ಪೊಲೀಸ್ ನೌಕರಿಯಲ್ಲಿ ಅವನು ಯಾರಿಗೂ ಶಾಬಾಸ್ ಅಂದವನಲ್ಲ.

ಹಿಂತಿರುಗಿ ಬಂದ ಕೆಂಪವ್ವ ಫೋಟೋ ಕಸಿದುಕೊಂಡು ನೋಡಿದಳು. ಮಗನ ಎದೆಯ ಮೇಲಿನ ಗಂಟನ್ನು ಬೆರಳಿನಿಂದ ಸವರಿದಳು.

"ಇದು ಇದ ಮರಿ," ಎಂದು ಕಂಕುಳಿನ ಮರಿಯನ್ನು ಎತ್ತಿ ತೋರಿಸಿದಳು. "ಹಟ್ಟಿ ಬೇವಿನ ಬುಡಕಿದ್ದಾಗ ಹುಟ್ಟಿತು. ಅರೆಜೀವ ಆಗಿತ್ತು. ಕಂಬಳ್ಯಾಗ ಸುತ್ಕೊಂಡು ಬಸದಿ ಬೋರಿಂಗ್ ನೀರಿಗೆ ಹೋಗಿದ್ದ. ಯಾರೋ ಒಳಗಿಂದ, ಬಾರಲೇ ನೀರು ಕುಡಿಸ್ಕೊಂಡು ಹೋಗು ಅಂತ ಕರದ್ರಂತ."

"ಯಾರು ಕರದ್ರು?"

"ನನಗೇನು ಗೊತ್ತು? ಅಂವಗ ಕೇಳು."

"ಸತ್ಯಪ್ಪಾ! ಜೀಪ್ ತಗೊಂಡು ಹೋಗು. ಮಾಳಸಿದ್ದನ್ನ ಕರಕೊಂಡು ಬಾ. ಬೇಡಿ ಹಾಕಬ್ಯಾಡ. ಅವತ್ತ ಒಳಗ ಯಾರಿದ್ರು ಅಂತ ಅವನ ಬಾಯಾಗಿಂದನ ಕೇಳೂಣು."

"ಆತ್ರಿ ಸಾಹೇಬ್ರ," ಎಂದು ಸೆಲ್ಯೂಟ್ ಹೊಡೆದು ಸತ್ಯಪ್ಪ ಜೀಪು ಹತ್ತಿದ. ಕೆಂಪವ್ವನ ಮುಖದಲ್ಲಿ ಅಷ್ಟು ದಿನಗಳ ಮೇಲೆ ಬೆಳಕು ಮೂಡಿತು. 

ಜೀಪು ಮರೆಯಾಗುತ್ತಿದ್ದಂತೆ ಕಾಕಾಸಾಹೇಬರು ಬಂದರು.

ಹೊಲವೂ ಅವರದೇ, ಬಸದಿಯ ಕಾರಭಾರವೂ ಅವರದೇ. ಫೋಟೋ ತಂದುಕೊಟ್ಟು, ಕಳುವಿನ ದಿನ ನಾನೇ ತಗದೀನಿ, ಬಸದಿಗೆ ಹೊಸಾ ಬಣ್ಣಾ ಹೊಡಸಿದ್ವಿ, ಅದರ ಫೋಟೋ ತಗೀಯಾಕ ಬಂದಾಗ ಈ ಮಾಳಸಿದ್ದ ಕಂಡಾ ಎಂದು ಹೇಳಿಕೆ ಕೊಟ್ಟವರೂ ಅವರೇ. ಇಸ್ತ್ರಿ ಮಾಡಿದ ಧೋತರ, ಗಾಂಧಿ ಟೋಪಿ, ಹೆಗಲಿಗೆ ಚರ್ಮದ ಚೀಲದಲ್ಲಿ ಕ್ಯಾಮೆರಾ.

"ಏನ್ರಿ ಫೌಜದಾರ್ರ, ಇನ್ನೂ ಮುಗೀಲಿಲ್ಲೇನು ನಿಮ್ಮ ಚೌಕಶಿ?"

"ಮುಗೀತು ಬಂತ್ರಿ. ನೀವು ತಗದ ಫೋಟೋ ಭಾಳ ಝಕಾಸ್ ಬಂದೈತಿ ಅಂತ ಬಾಯಾರು ಹೊಗಳಾಕತ್ತಾರ."

ಕಾಕಾಸಾಹೇಬರು ಟೋಪಿ ಸರಿ ಮಾಡಿಕೊಂಡರು. "ಹವ್ಯಾಸರಿ. ಏನೋ ಒಂದಿಷ್ಟು ಬರತೈತಿ."

"ಅಣ್ಣಾರ, ಹಂಗಾರ ಇನ್ನೊಂದು ತಗೀರಿ," ಎಂದಳು ರಾಜಮತಿ. "ಕೆಂಪವ್ವ ನಿಂತಾಳ. ಹಿಂದಿಂದು ಹಂಗ ಕರಗಸ್ರಿ ನೋಡೂಣು."

ಕಾಕಾಸಾಹೇಬರು ತಮ್ಮ ಕ್ಯಾಮೆರಾ ತೆಗೆದರು. ಕರಿ ಡಬ್ಬಿಯಂಥದ್ದು, ಮುಂದೆ ಗುಂಡಿಯಂಥ ಪುಟ್ಟ ಗಾಜು. ರಾಜಮತಿ ಅದನ್ನು ಕೈಗೆ ತೆಗೆದುಕೊಂಡು ಸಿದರಾಯನಿಗೆ ತೋರಿಸಿದಳು.

"ಇದರ ಕಿಂಡಿ ಹಿಗ್ಗೂದಿಲ್ಲ, ಕುಗ್ಗೂದಿಲ್ಲ. ಕಂಪನಿಯವರು ಮಾಡಿದ್ದ ಅಷ್ಟು, ಅದೂ ಸಣ್ಣದು. ಇದರಾಗ ತಗದ್ರ ಕೆಂಪವ್ವನೂ ಕಾಣ್ತಾಳ, ಬೇವೂ ಕಾಣತೈತಿ, ಬಾವಿನೂ ಕಾಣತೈತಿ. ಈ ಡಬ್ಬಿಗೆ ಯಾವುದನ್ನೂ ಮುಚ್ಚಿಡಾಕ ಬರೂದಿಲ್ಲ. ಅದರ ಮಾಲಕಗ ಬರತೈತಿ."

ಸಿದರಾಯನ ಕೂಗು ಹೊಲದಾಚೆಯ ಕುರಿಗಳಿಗೂ ಕೇಳಿಸಿತು. "ಸುಳ್ಳು ಸಾಕ್ಷಿ ಹೇಳಿ ಬಡವನ್ನ ಜೈಲಿಗೆ ಕಳಸ್ತೀಯೇನಲೇ? ಯಾರು ಕೊಟ್ರು ಫೋಟೋ? ಬೊಗಳು!"

ಕಾಕಾಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. ಜೀಪು ಹೋದ ದಾರಿಯ ಕಡೆ ಒಮ್ಮೆ ನೋಡಿದರು. ಮರುಗಳಿಗೆ ಅವರ ಕಣ್ಣು ರಾಜಮತಿಯ ಕ್ಯಾಮೆರಾದ ಮೇಲೆ ನಿಂತಿತು. ಅಲ್ಲೇ ಅವರಿಗೆ ಧೈರ್ಯ ಬಂತು.

"ನನ್ನ ಡಬ್ಬಿ ಅಲ್ಲಾ ಅಂತೀಯಲ್ಲ ರಾಜಮತಿ, ಹಂಗಾರ ಯಾರದು? ಹಿಂಗ ಹಿಗ್ಗಿಸೂ ಲೆನ್ಸು ಈ ಸೀಮ್ಯಾಗ ಯಾರ ಹತ್ರ ಐತಿ? ನಿನ್ನ ಗಂಡ ಮುಂಬೈಲಿಂದ ತಂದಾಗ ಊರೂರಿಗೆ ತೋರಿಸಿದ್ರಿ. ನೀನ ತಗದಿ! ನೀ ತಗದು, ನನ್ನ ಕೊಳ್ಳಿಗೆ ಕಟ್ತಿಯೇನು?"

ಸಿದರಾಯ ತಿರುಗಿ ನೋಡಿದ. ಹುಚ್ಚು ಮಾತು ಎಂದು ಅವಳು ಉಗಿಯುತ್ತಾಳೆ ಅಂದುಕೊಂಡಿದ್ದ. ಅವಳು ಉಗಿಯಲಿಲ್ಲ. ಪೆಟ್ಟಿಗೆಯಿಂದ ಭೂತಗನ್ನಡಿ ತೆಗೆದು ಫೋಟೋದ ಬಲಗಡೆಗೆ ಹಿಡಿದಳು. ಕಬ್ಬಿನ ನೀರಿನ ಹೊಳಪುಗಳ ಮೇಲೆ. ಬಹಳ ಹೊತ್ತು ಬಾಗಿ ನೋಡಿದಳು. ಆಮೇಲೆ ತನ್ನ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟಳು. ಕಣ್ಣು ತೆಗೆದು ಪಕ್ಕಕ್ಕೆ ಸರಿದು ನಿಂತಳು.

"ಫೌಜದಾರ್ರ, ಬರ್ರಿ. ನೀವ ನೋಡ್ರಿ."

ಭೂತಗನ್ನಡಿಯೊಳಗೆ ನೀರಿನ ಹೊಳಪುಗಳು ಚುಕ್ಕೆಗಳಾಗಿರಲಿಲ್ಲ. ದುಂಡಗೆ, ಬೆಳ್ಳಗೆ, ಸಣ್ಣ ರೊಟ್ಟಿಗಳ ಹಾಗಿದ್ದವು. ಕಿಂಡಿ ಪೂರ್ತಿ ಹಿಗ್ಗಿಸಿದಾಗ ಮಸುಕಿನೊಳಗೆ ಹೊಳೆಯುವ ಬಿಂದುಗಳೆಲ್ಲ ಹೀಗೆ ಲೆನ್ಸಿನ ಆಕಾರಕ್ಕೇ ಅರಳುತ್ತವೆ ಎಂದಳು ರಾಜಮತಿ. ಆದರೆ ಒಂದೂ ಪೂರ್ತಿ ದುಂಡಗಿರಲಿಲ್ಲ. ಪ್ರತಿ ರೊಟ್ಟಿಯ ಅಂಚಿನಲ್ಲಿ, ಒಂದೇ ಜಾಗದಲ್ಲಿ, ಇಲಿ ಕಡಿದಂತೆ ಒಂದು ಚೂರು ಇಲ್ಲ.

ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟ. ಕಬ್ಬಿನ ನೀರು ಹೊಳೆಯುತ್ತಿತ್ತು. ಅವೇ ರೊಟ್ಟಿಗಳು. ಅದೇ ಜಾಗದಲ್ಲಿ ಅದೇ ಇಲಿ.

"ರಾಯಬಾಗದ ಒಂದು ಮದುವ್ಯಾಗ ಬಿದ್ದು ಗಾಜಿನ ಅಂಚು ಚಕ್ಕಿ ಎದ್ದಿತ್ತು," ಎಂದಳು ಅವಳು. "ಕೊಲ್ಲಾಪುರದ ರಿಪೇರಿಯಾಂವ ಅಲ್ಲಿ ಕರಿ ಬಣ್ಣ ತುಂಬಿದಾ. ಈ ಫೋಟೋ ತಗದದ್ದು ನನ್ನ ಲೆನ್ಸಿನಾಗ. ಕಾಕಾಸಾಹೇಬಣ್ಣ ಹೇಳಿದ್ದು ಅಷ್ಟು ಮಾತ್ರ ಖರೆ."

ಸಿದರಾಯ ಅವಳನ್ನೇ ನೋಡಿದ. ಭೂತಗನ್ನಡಿ ತೆಗೆದದ್ದು ಅವಳು. ಇಲಿ ಕಡಿದ ಗುರುತು ಹುಡುಕಿದ್ದು ಅವಳು. ಸುಮ್ಮನಿದ್ದಿದ್ದರೆ ಈ ಜನ್ಮದಲ್ಲಿ ತನಗೆ ತಿಳಿಯುತ್ತಿರಲಿಲ್ಲ. ತನ್ನ ಕೊರಳಿಗೆ ಬರುವ ಮಾತನ್ನು ಅವಳು ಮಾಳಸಿದ್ದನ ಸಲುವಾಗಿ ತಾನೇ ಬಿಚ್ಚಿಟ್ಟಿದ್ದಳು. ಇಂಥವಳ ಮುಂದೆ ಹೇಗೆ ಸಿಡುಕುವುದು ಎಂದು ಅವನಿಗೆ ಗೊತ್ತಾಗಲಿಲ್ಲ.

"ಬಾಯಾರ," ಎಂದ. ದನಿ ತಾನಾಗಿ ಇಳಿದಿತ್ತು. "ಕಳುವಿಗಿಂತ ಮೊದಲ, ಹಟ್ಟಿ ಬೇವಿನ ಬುಡಕಿದ್ದಾಗ ಈ ಕ್ಯಾಮೆರಾ ಯಾರ ಕೈಯಾಗಿತ್ತು?"

"ನಿಮ್ಮ ಕೈಯಾಗ."

"ಏನು?"

"ಸತ್ತಿ ಊರಿನ ಹೊಳಿದಂಡ್ಯಾಗ ಹೆಣಾ ಸಿಕ್ಕೈತಿ, ಪಂಚನಾಮೆಕ್ಕ ಫೋಟೋ ಬೇಕು ಅಂತ ನೀವ ಹೇಳಿ ಕಳಿಸಿದ್ರಿ. ನನಗ ಜ್ವರ ಬಂದಿತ್ತು. ಪೆಟಗಿ ಇದ್ದಂಗ ಕೊಟ್ಟು ಕಳಿಸಿದೆ, ಕೆಂಪು ಗಾಜು ಸಹಿತ. ಫೌಜದಾರ್ರ ಹೆಸರಿಗೆ ಇಲ್ಲಾ ಅನ್ನಾಕ ಬರತೈತೇನು?"

"ಸತ್ತಿಯೊಳಗ ಯಾವ ಹೆಣಾನೂ ಸಿಕ್ಕಿಲ್ಲ. ನಾನು ಯಾರನ್ನೂ ಕಳಿಸಿಲ್ಲ. ಯಾರು ಬಂದಿದ್ರು?"

ರಾಜಮತಿ ಉತ್ತರ ಹೇಳುವ ಮೊದಲೇ ಸಿದರಾಯನ ಕಣ್ಣ ಮುಂದೆ ಒಂದು ಎಡಗೈ ಬಂತು. ಲೆನ್ಸಿನ ಕೆಳಗೆ, ಎಳೆಗೂಸಿನ ಕುತ್ತಿಗೆ ಹಿಡಿದಂತೆ ಹಿಡಿದ ಎಡಗೈ.

"ಸತ್ಯಪ್ಪ," ಎಂದಳು ಅವಳು.

ಕಾಕಾಸಾಹೇಬರು ಕಟ್ಟೆಯ ಮೇಲೆ ಕುಸಿದು ಕುಳಿತರು. "ನಾ ಹೇಳಿಲ್ರಿ. ನಾ ಅಂವನ ಹೆಸರು ಹೇಳಿಲ್ಲ," ಎಂದು ಟೋಪಿಯಿಂದ ಮುಖ ಮುಚ್ಚಿಕೊಂಡರು.

ದೂರದಲ್ಲಿ ದೂಳೆದ್ದಿತು. ಜೀಪು ಬರುತ್ತಿತ್ತು. ಕೆಂಪವ್ವ ಮರಿಯನ್ನು ಎದೆಗವಚಿಕೊಂಡು ಓಡಿದಳು. ಸಿದರಾಯನೂ ಓಡಿದ.

ಜೀಪಿನಿಂದ ಸತ್ಯಪ್ಪ ಒಬ್ಬನೇ ಇಳಿದ. ಅಂಗಿಯ ಗುಂಡಿ ಕಿತ್ತಿತ್ತು, ಏದುಸಿರು ಬಿಡುತ್ತಿದ್ದ.

"ಹಾದ್ಯಾಗ ಜಿಗದು ಓಡಿದಾರಿ ಸಾಹೇಬ್ರ. ಬೇಡಿ ಹಾಕಬ್ಯಾಡ ಅಂದಿದ್ರಿ. ಕಬ್ಬಿನಾಗ ಹೊಕ್ಕಾ, ಸಿಗಲಿಲ್ಲ. ತಪ್ಪು ಮಾಡಿಲ್ಲಂದ್ರ ಯಾಕ ಓಡ್ತಿದ್ದಾರಿ?"

ಕೆಂಪವ್ವ ಅವನ ಮಾತು ಕೇಳುತ್ತಿರಲಿಲ್ಲ. ಹಿಂದಿನ ಸೀಟಿನ ಮೇಲೆ ಮುದ್ದೆಯಾಗಿ ಬಿದ್ದಿದ್ದ ಮಗನ ಕಂಬಳಿಯನ್ನು ನೋಡುತ್ತಿದ್ದಳು.

"ನನ್ನ ಮಗಾ ಜೀವಾ ಬಿಟ್ಟಾನು, ಕಂಬಳಿ ಬಿಟ್ಟು ಓಡಾಂವಲ್ಲ," ಎಂದಳು.

ಸಿದರಾಯ ಕೈ ಚಾಚಿ ಕಂಬಳಿ ಎತ್ತಿದ. ಅದು ಕಲ್ಲಿನಷ್ಟು ಭಾರವಿತ್ತು. ಅಂಚಿನಿಂದ ಹೊಳೆಯ ಮರಳು ಬೆರೆತ ನೀರು ತೊಟ್ಟಿಕ್ಕುತ್ತ ಅವನ ಬೂಟಿನ ಮೇಲೆ ಬಿತ್ತು.

ಠಾಣೆಯಿಂದ ಹೊಸಮಡ್ಡಿಗೆ ಬರುವ ದಾರಿಯಲ್ಲಿ ಹೊಳೆ ಇರಲಿಲ್ಲ.